ಸಂದು

ಬೇಲೂರು ಕೋರ್ಟಿನ ಅಮೀನ ನಾನು. ಮೂವತ್ತೊಂದು ವರ್ಷ
ಖಾಕಿ ಚೀಲದಲ್ಲಿ ಬೇರೆಯವರ ಜಗಳ ಹೊತ್ತು
ಹಗರೆ, ಅರೇಹಳ್ಳಿ, ಬಿಕ್ಕೋಡು ತಿರುಗಿದವನು.
ನನ್ನ ಕೆಲಸಕ್ಕೆ ಸರ್ಕಾರ ಇಟ್ಟ ಹೆಸರು ಜಾರಿ.
ಹೆಂಡತಿ ನಗುತ್ತಾಳೆ:
ಜಾರಿ ಅಂದರೆ ಜಾರಿಕೊಂಡದ್ದೂ ಅಲ್ಲವಾ?

ಈ ಸಲದ ಕಾಗದ ಹೊಂಬಾಳಮ್ಮನದು.
ಬಳಪದ ಕಲ್ಲಿನ ಪುಟ್ಟ ಆನೆ, ಗೇಣುದ್ದದ ಮದನಿಕೆ,
ಉಪ್ಪುಕಾಗದ ಹಿಡಿದು ನಲವತ್ತು ವರ್ಷ ತಿಕ್ಕಿದಳು.
ಗೊಂಬೆಗಳಿಗೆ ಹೊಳಪು ಬಂತು,
ಬೆರಳ ಗೆರೆ ಹೋಯಿತು.
ಈಗ ಮಿಷಿನ್ನು ಅವಳ ಹೆಬ್ಬೆಟ್ಟನ್ನು ಗುರುತು ಹಿಡಿಯುವುದಿಲ್ಲ.
ಹನ್ನೊಂದು ತಿಂಗಳಿಂದ ಪಿಂಚಣಿ ಇಲ್ಲ.

ದೆಹಲಿಯ ಸಭೆ ಮಾಡಿದ ಕಾಯ್ದೆ ಒಂದೇ ಸಾಲು:
ಮುದುಕರಿಗೆ ಕೊಡತಕ್ಕದ್ದು.
ಮಂತ್ರಾಲಯ ಅದಕ್ಕೆ ನಿಯಮ ಬರೆಯಿತು, ಹದಿನಾಲ್ಕು ಪುಟ;
ಹೆಬ್ಬೆಟ್ಟು ಇದ್ದದ್ದು ಹದಿಮೂರನೆಯದರ ಅಡಿಯಲ್ಲಿ, ಸಣ್ಣಕ್ಷರದಲ್ಲಿ.
ದೊಡ್ಡ ಕೋರ್ಟು ಓದಿ ಹೇಳಿತು:
ಕಾಯ್ದೆ ಕೊಟ್ಟದ್ದನ್ನು ನಿಯಮ ಕಸಿಯುವಂತಿಲ್ಲ.
ಇಲ್ಲಿ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ್ ಚಿಕ್ಕಣ್ಣಯ್ಯ
ಕನ್ನಡಕ ಒರೆಸುತ್ತ ಅಂದರು:
"ತೀರ್ಪು ನಾನೂ ಪೇಪರಿನಲ್ಲಿ ಓದಿದೆ. ಸುತ್ತೋಲೆ ಬರಲಿ."

ಪ್ರವಾಸಿ ಮಂದಿರದಲ್ಲಿ ಸಿಕ್ಕ ಎಂಪಿ ಸಾಹೇಬರು,
ಅರ್ಧ ಇಡ್ಲಿ ಇನ್ನೂ ಬೆರಳಲ್ಲೇ:
"ವಿಷಯ ನ್ಯಾಯಾಲಯದ ಮುಂದಿದೆ, ಮಾತಾಡಬಾರದು."
ನಮ್ಮ ಜಡ್ಜಮ್ಮ ಕಡತ ಮುಚ್ಚಿ, ಕಿಟಕಿ ಕಡೆ ನೋಡಿ,
"ಇದನ್ನು ನಾನು ಓದಬಲ್ಲೆ. ಬರೆಯಲಾರೆ."
ಯಾರೂ ಸುಳ್ಳು ಹೇಳಲಿಲ್ಲ. ಅದೇ ಕಷ್ಟ.

ದೇವಸ್ಥಾನದ ಅಂಗಳದಲ್ಲಿ ಸಿಕ್ಕಳು ಹೊಂಬಾಳಮ್ಮ.
"ಅಲ್ಲ ಕಣಪ್ಪ, ಆ ಮೂರ್ ಜನಾನೂ ಒಂದೇ ಜಗಲೀಲಿ ಕೂತ್ಕಂಡಿದ್ರೆ
ಮದ್ಯಾನ್ದೊಳಗೆ ಮುಗೀತಿತ್ತಲ್ವಾ?"

ಕೂತಿದ್ದರಮ್ಮ, ನಮ್ಮ ತಾತನ ಕಾಲದಲ್ಲಿ,
ಒಬ್ಬನೇ ಮೂವರಾಗಿ.
ಕಟ್ಟಳೆಯೂ ಪಟೇಲನದೇ, ಕೋಲೂ ಅವನದೇ,
ತಪ್ಪು ಯಾರದೆಂದು ತೂಗುವ ನಾಲಗೆಯೂ ಅವನದೇ.
ಅವನು ಎಲೆಗೆ ಸುಣ್ಣ ಸವರಿ ಮಡಿಚುವಷ್ಟರಲ್ಲಿ
ಯಗಚಿ ದಂಡೆಯ ನಮ್ಮ ಎರಡೆಕರೆ ಗದ್ದೆ ಹೋಯಿತು.
ಬೇಗ ಆಯಿತು. ಬಹಳ ಬೇಗ.
ಪಟೇಲನ ಮೇಲಿನ ದೂರನ್ನು
ತಾತ ಪಟೇಲನಿಗೇ ಕೊಡಬೇಕಿತ್ತು.

ಅವಳು ಒಪ್ಪಲಿಲ್ಲ. "ನಿಂದು ಗದ್ದೆ ಹೋಯ್ತು,
ನಂದು ಬಿಪಿ ಮಾತ್ರೆ."

ಆಚೆ ಗೈಡ್ ಹುಡುಗ, ದೊಡ್ಡ ಕಂಬದ ಬುಡದಲ್ಲಿ ಕುಕ್ಕರಿಸಿ,
ನಲವತ್ತೆರಡು ಅಡಿ, ಗಾರೆಯಿಲ್ಲ, ಮೊಳೆಯಿಲ್ಲ,
ತನ್ನ ತೂಕದ ಮೇಲೆ ತಾನೇ ನಿಂತಿದೆ ಎನ್ನುತ್ತ
ಒಂದು ಮೂಲೆಯಲ್ಲಿ ಪೇಪರು ತೂರಿಸಿ
ಇನ್ನೊಂದು ಕಡೆಯಿಂದ ಎಳೆದ.
ಸಂದಿನಲ್ಲಿ ಒಂದು ಗೀಟು ಬೆಳಕು.
ಹೈದರಾಬಾದಿನವರು ಚಪ್ಪಾಳೆ ತಟ್ಟಿದರು.

ನೋಡಮ್ಮ, ಎನ್ನಬೇಕೆಂದುಕೊಂಡೆ,
ಆ ಸಂದಿಗೆ ಯಾರಾದರೂ ಸಿಮೆಂಟು ಮೆತ್ತಿದರೆ...
ಬಾಯಿ ತನಕ ಬಂದದ್ದು ನಿಂತಿತು.
ಹಸಿದವರ ಎಲೆಗೆ ಉಪಮೆ ಬಡಿಸಬಾರದು.

ಅವಳೇ ಅಂದಳು, ಕಂಬದ ಕಡೆ ಗದ್ದ ಎತ್ತಿ:
"ಸಣ್ಣೋಳಿದ್ದಾಗ ನೋಡಿದೀನಿ.
ಕಾಗ್ದ ತೂರ್ತದೆ.
ಬೆರಳು ತೂರಲ್ಲ."

ಬರುವ ಗುರುವಾರಕ್ಕೆ ವಾಯಿದೆ. ನೋಟೀಸಿನ ಪ್ರತಿ ತೆಗೆದೆ,
ಶಾಯಿ ಡಬ್ಬಿ ತೆರೆದೆ. ಒತ್ತಿದಳು.
ಗೆರೆಯೇ ಇಲ್ಲದ ನೀಲಿ, ಉಜ್ಜಿ ನುಣುಪಾದ ಗೊಂಬೆಯ ಹೊಟ್ಟೆಯಂತೆ.
ಹಣ ಇನ್ನೂ ಸಂದಿಲ್ಲ.
ಎಲ್ಲೋ ಸಂದಿನಲ್ಲಿದೆ.
ಯಾವ ಮಿಷಿನ್ನೂ ಒಪ್ಪದ ಆ ಗುರುತಿನ ಪಕ್ಕ
ಮೂವತ್ತೊಂದು ವರ್ಷ ಬರೆದದ್ದನ್ನೇ ಬರೆದೆ,
ಈ ಸಲ ಸ್ವಲ್ಪ ಒತ್ತಿ:
ಹೊಂಬಾಳಮ್ಮನ ಹೆಬ್ಬೆಟ್ಟು. ನಾ ಬಲ್ಲೆ.