ಬೂದಿ ಗೆರಿ

ಬೆಳಿಗ್ಗೆ ಫೈಲು ತೆರೆದರ
ನನ್ನ ಕಂಬ ಬಾವ್ಯಾಗ ನಿಂತಿತ್ತು.

ನಿನ್ನೆ ಸಂಜೀಕ ಹಂಗ ಇರಲಿಲ್ಲ.
ಗಟ್ಟಿ ನೆಲದಾಗ, ಸಿ-ಹದಿನಾಲ್ಕು ಅಂತ ಹೆಸರಿಟ್ಟುಕೊಂಡು
ಮದುವಿ ಮನಿ ಬಾಗಲದಾಗ ಸ್ವಾದರಮಾವ ನಿಂತಂಗ ನಿಂತಿತ್ತು.
ಮುಳಗುಂದ ನಾಕಾದ ಈ ಮಹಡಿ ಖೋಲಿ ಕೀಲಿ
ನನ್ನ ಕಡೆನ ಇರತದ.
ಯಾರೂ ಮುಟ್ಟಿಲ್ಲ ನನ್ನ ಗೆರಿ.

ಮುಟ್ಟಿದ್ದು ಅದರ ಕೆಳಗಿನ ಬೂದಿ ಬಣ್ಣದ ಗೆರಿ.
ಮಾಬುಸಾಬ ನದಾಫನ ಸರ್ವೆ.
ನನ್ನ ಫೈಲಿನಾಗ ಕಾಣತದ, ಇರೂದಿಲ್ಲ.
ಬ್ಯಾರೆ ಫೋಲ್ಡರಿನಾಗ ಕುಂತು
ಕಿಡಕ್ಯಾಗಿಂದ ಇಣಕತದ.
ಅದರ ಮ್ಯಾಲೆ ಗ್ವಾಡಿ ಕಟ್ಟಬಹುದು, ಕಂಬ ನಿಲ್ಲಸಬಹುದು,
ಅಳಸಾಕ ಬರೂದಿಲ್ಲ.
ಕಳಕಪ್ಪನ ನಳದ ನಕ್ಷಿ, ಶಕೀಲಾನ ಕರೆಂಟಿನ ನಕ್ಷಿ,
ಹುಬ್ಬಳ್ಳ್ಯಾಗ ಕುಂತು ಕಬ್ಬಣದ ಲೆಕ್ಕಾ ಮಾಡಾವ,
ಎಲ್ಲಾರ ಬುಡಕ್ಕೂ ಅದೊಂದ ಬೂದಿ ಗೆರಿ.

ಒಂದ್ಸಲ ಸರು ಫೋಲ್ಡರಿನ ಹೆಸರು ತಿದ್ದಿದರು.
'ಬೆಟಗೇರಿ ಸೊಸೈಟಿ ಫೈನಲ್' ಇದ್ದದ್ದು
'ಬೆಟಗೇರಿ ಸೊಸೈಟಿ ಖರೇ ಫೈನಲ್' ಆತು.
ಅವತ್ತು ನಾಕೂ ನಕ್ಷ್ಯಾಗ
ಜಾಗಾ ಇಲ್ಲ, ರಸ್ತೆ ಇಲ್ಲ,
ಗಾಳ್ಯಾಗ ಜೋತಾಡೋ ಬಾಗಲಾ, ಸಂಡಾಸು, ಫ್ಯಾನು.
ಮೂಲ್ಯಾಗ ಒಂದ ಸಾಲು ಹಳೇ ವಿಳಾಸ,
ಮನಿ ಬಿಟ್ಟು ಹೋದವರಿಗೆ ಬಂದ ಪತ್ರದಂಗ.

ಮಾಬುಸಾಬಗ ಫೋನ್ ಹಚ್ಚಿದೆ.
'ಹೌದಕ್ಕಾ, ನಿನ್ನೆ ಮತ್ತ ಹೋಗಿದ್ದೆ.
ಜಾಲಿ ಕಡಿಸಿದರು, ಒಳಗ ಕಲ್ಲಿನ ಬಾವಿ ಸಿಕ್ತು,
ಹನ್ನೊಂದ ಫೂಟಿನ ಬಾಯಿ.
ರಾತ್ರಿ ಅಳತಿ ಹಾಕಿ ಮಕ್ಕೊಂಡೆ.
ನಿಮಗ ಹೇಳೂದು ಮರತೆ.'

ಸರು ಅಂದರು: 'ಹಳೇದನ್ನ ಬೈಂಡ್ ಮಾಡಿಬಿಡ್ರಿ.
ಒಳಗ ಎಳಕೊಂಡು ದಾರ ಕಡದು ಹಾಕ್ರಿ.
ದಿನಾ ಅವ ಅಳಿಯೂದು, ದಿನಾ ನಾವು ತಿದ್ದೂದಾ?'

ಖರೇನ.
ಹಳೇ ಗೆರಿ ಒಳಗ ತಗೊಂಡರ
ಬಾವಿ ನನ್ನ ಕಾಗದಕ್ಕ ಬರೂದ ಇಲ್ಲ.
ಬೆಟಗೇರ್ಯಾಗ ಇದ್ದೇ ಇರತದ,
ಗುದ್ದಲಿ ಹಿಡದಾವನ ದಾರಿ ಕಾಯಕೋತ.

ಕಂಬ ಎತ್ತಿ ಏಳು ಫೂಟು ಆಚೆ ಇಟ್ಟೆ.
ಅದರ ಹಿಂದ ತೊಲಿ ಬಂತು, ತೊಲಿ ಹಿಂದ ಗ್ವಾಡಿ,
ಅದರ ಹಿಂದ ಶಕೀಲಾನ ಎರಡ ಫ್ಯಾನು, ಅಕಿ ಬೈಗಳ.
ಕಳಕಪ್ಪ ಒಬ್ಬನ ಖುಷಿ ಆದ:
'ಮಾಳಗಿ ಮ್ಯಾಲಿನ ಮಳಿ ನೀರು
ಎಲ್ಲೆ ಬಿಡಲಿ ಅಂತ ಕುಂತಿದ್ದೆ.'

ನಗರಸಭಾಕ್ಕ ಕೊಡೂ ದಿನ
ಬೈಂಡ್ ಮಾಡಲೇಬೇಕಾತು.
ಇನ್ನ ಅವ ಅಲ್ಲೆ ಎಷ್ಟ ಅಳದರೂ
ಇಲ್ಲೆ ಎಲಿ ಅಲಗಾಡೂದಿಲ್ಲ.
ಬೂದಿ ಗೆರಿ ನನ್ನದಾತು, ಬೇಕಾದರ ಅಳಸಬಹುದು.
ಆದರ ಒಳಗ ಬರೂ ಮುಂದ ಅದು
ಮನೆತನದ ಹೆಸರು ಕಟಗೊಂಡ ಬಂದಿತ್ತು:
ಮಾಬು ಡಾಲರ್ ಸೊನ್ನೆ ಡಾಲರ್ ರಸ್ತೆ.
ಮಾಬು ಡಾಲರ್ ಸೊನ್ನೆ ಡಾಲರ್ ಬಾವಿ.
ಕಡದು ಹಾಕಿದ ಜಾಲಿನೂ ಇತ್ತು,
ಮಾಬು ಡಾಲರ್ ಸೊನ್ನೆ ಡಾಲರ್.

'ಏನದು ಕಸಾ, ಲೇಯರಿನ ಹೆಸರು ಸ್ವಚ್ಛ ಮಾಡ್ರಿ' ಅಂದರು ಸರು.
'ಹೂಂರಿ' ಅಂದೆ.
ಪ್ರಿಂಟಿನಾಗ ಅದೇನೂ ಕಾಣೂದಿಲ್ಲ.
ಬಿಟ್ಟೆ.