ಡ್ರೈವರನ ಕನ್ನಡಿ

ಶಾರ್ಜಾ, ನಹ್ದಾ ಸಿಗ್ನಲ್ಲು.
ಬಸ್ಸಿನ ಮೊಬೈಲೆಲ್ಲ ಒಟ್ಟಿಗೆ ಟಿಣ್ ಅಂದವು,
ನಗು ಹಿಂದಿನ ಸೀಟಿನಿಂದ ಮುಂದಕ್ಕೆ ಉರುಳಿ ಬಂತು.
ಕನ್ನಡಿ ನೋಡಿದೆ:
ನಗದವಳು ಒಬ್ಬಳೇ, ನನ್ನ ಝುಲೈಖಾ.

ರಾತ್ರಿ ಮೊಬೈಲು ಕಸಿಯಲಿಲ್ಲ.
"ನನಗೆ ಇಂಗ್ಲಿಷು ಬಾರದು, ಓದಿ ಹೇಳು ಮಗಾ."
ಓದಿದಳು: ಡ್ರೈವರನ ಮಗಳು, ಡೀಸೆಲ್ ವಾಸನೆ,
ಅವಳ ಮುಖಕ್ಕೆ ಅಂಟಿಸಿದ ಒಂಟೆಯ ತುಟಿ.
ಏಸಿ ಗೊರಗುಟ್ಟುತ್ತಿತ್ತು.
ಒಂದು ಸಾಲು ನುಂಗಿದಳು. ಗೊತ್ತಾಯಿತು. ಕೇಳಲಿಲ್ಲ.

ಹೋದ ರಂಜಾನಿನಲ್ಲಿ
ತೊದಲುವ ಮೆಕ್ಯಾನಿಕ್ ಹೈದ್ರೋಸನ ವಿಡಿಯೋ
ನಮ್ಮ ಗುಂಪಿಗೆ ದಾಟಿಸಿದ್ದು ಇದೇ ಹೆಬ್ಬೆರಳು.
ಅದನ್ನೂ ಹೇಳಿದೆ.
ಅವಳು ಬಹಳ ಹೊತ್ತು ನನ್ನ ಮುಖ ನೋಡಲಿಲ್ಲ.

ಬೆಳಿಗ್ಗೆ ಬಸ್ಸು ತೊಳೆಯುವಾಗ
ಚಪ್ಪಲಿ ಎಳೆಯುತ್ತ ಬಂದಳು:
"ಪ್ರಿನ್ಸಿಪಾಲರ ಹತ್ತಿರ ಬರ್ತೀರಾ?"
"ಬರ್ತೇನೆ. ದಾರಿಯಲ್ಲಿ ಹೈದ್ರೋಸನ ಶೆಡ್ಡು ಸಿಗ್ತದೆ,
ಅಲ್ಲಿಗೆ ನೀನು ಬಾ,
ನನಗೊಬ್ಬನಿಗೆ ಹೆದರಿಕೆ."