ಎತ್ತಬೇಡಮ್ಮಾ

ಕುವೈತಿನಲ್ಲಿ ಲೋಕಲ್ ಕರೆಗೆ ದುಡ್ಡಿರಲಿಲ್ಲ,
ಹಾಗಾಗಿ ನಮ್ಮ ಯುದ್ಧವೂ ಪುಕ್ಕಟೆ.

ಗುರುವಾರ ರಾತ್ರಿ, ಮಾರನೇ ದಿನ ರಜೆ.
ಒಂಬತ್ತಕ್ಕೆ ಒಂದು ರಿಂಗು ಕೊಟ್ಟು ಇಡುತ್ತಿದ್ದ ಹೈಥಮ್,
ತಯಾರಾಗು ಅಂತ ಅರ್ಥ.
ಎರಡನೇ ಸಲ ನನ್ನ ಮೋಡೆಮ್ಮೇ ಎತ್ತಿಕೊಳ್ಳಬೇಕು.

ಮೊದಲು ಮೂಗಿನಲ್ಲೊಂದು ಸಿಳ್ಳೆ,
ಆಮೇಲೆ ಕಾದ ಎಣ್ಣೆಗೆ ಒದ್ದೆ ಮೀನು ಬಿಟ್ಟ ಹಾಗೆ,
ಕೊನೆಗೆ ಇಬ್ಬರು ಮುದುಕರು ಒಟ್ಟಿಗೇ ಗಂಟಲು ಸರಿಮಾಡಿಕೊಂಡು
ಮಾತೇ ಬೇಡವೆಂದು ಸುಮ್ಮನಾದ ಹಾಗೆ.
ಆ ಮೌನ ಬಂತೋ, ಸೈ.
ಅವನ ಟ್ಯಾಂಕು ನೀಲಿ, ನನ್ನದು ಕೆಂಪು,
ನಡುವೆ ಒಂದು ಹೊಳೆ, ಹೊಳೆಗೆ ಒಂದೇ ಸೇತುವೆ.

ಕಂಪ್ಯೂಟರು ಹವಲ್ಲಿಯಲ್ಲಿ ಬಿಡಿಬಿಡಿಯಾಗಿ ಕೊಂಡದ್ದು.
ಅದೇ ಅಂಗಡಿಯಲ್ಲಿ, ರಸೀದಿಯ ಬೆನ್ನ ಮೇಲೆ,
ನಾನೂ ಹೈಥಮನೂ ನಂಬರು ಬದಲಾಯಿಸಿಕೊಂಡದ್ದು.
ಶುವೈಖಿನಲ್ಲಿ ಸ್ಪೇರ್ ಪಾರ್ಟ್ಸ್ ಮಾರುವ ಅಪ್ಪ
ಡಬ್ಬಿಯ ಮುಚ್ಚಳ ಹಾಕಲು ಬಿಡುತ್ತಿರಲಿಲ್ಲ:
"ಇಂಜಿನ್ನಿಗೆ ಗಾಳಿ ಬೇಕ್."

ಗುಂಡು ಹಾರಿಸಿದರೆ ಅದು ಅವನ ಮನೆ ಮುಟ್ಟಲು ಒಂದು ಗಳಿಗೆ.
ಅಷ್ಟರಲ್ಲಿ ಅವನು ಅಲ್ಲಿಲ್ಲ.
ಇದ್ದ ಜಾಗಕ್ಕಲ್ಲ, ಇರಲಿರುವ ಜಾಗಕ್ಕೆ ಹೊಡೆಯಬೇಕು.
ಹದಿಮೂರರ ಹುಡುಗಿ ಮನಸ್ಸಿಟ್ಟು ಕಲಿತ ಗಣಿತ ಅದೊಂದೇ.
ಆದರೆ ಹೈಥಮ್ ಹೊಳೆ ದಾಟುತ್ತಲೇ ಇರಲಿಲ್ಲ.
ಸೇತುವೆಯ ಆಚೆ ಮರಳಿನ ಚೀಲ ಪೇರಿಸುತ್ತಿದ್ದ,
ಗೋಡೆ, ಗೋಡೆಯ ಹಿಂದೆ ಇನ್ನೊಂದು ಗೋಡೆ.
ಯಾಕೆ ಅಂತ ಟೈಪು ಮಾಡಿದೆ.
ತೊಂಬತ್ತರಲ್ಲಿ ನಿಜವಾದ್ದು ನೋಡಿದ್ದೇನೆ,
ನಮ್ಮ ಬೇಕರಿಯ ಮುಂದೆಯೇ ನಿಂತಿತ್ತು, ಅಂದ.
ಪಕ್ಕದಲ್ಲೊಂದು ನಗುವ ಚಿಹ್ನೆ.
ನಕ್ಕಿದ್ದನೋ ಏನೋ.

ಅಮ್ಮನಿಗೆ ಮರೆವು.
ಅಡುಗೆಮನೆಯ ಫೋನು ಎತ್ತಿಬಿಡುವಳು,
ಹೊಳೆ ಅಲ್ಲೇ ಹೆಪ್ಪುಗಟ್ಟುವುದು.
ಪರದೆಯ ಮೇಲೆ: ಎದುರಾಳಿ ಓಡಿಹೋದ, ಗೆಲುವು ನಿಮ್ಮದು.
"ಎತ್ತಬೇಡಮ್ಮಾ!"
"ನಾ ಎಂತ ಮಾಡ್ದೆ? ಒಳಗ್ ಯಾರೋ ಕೂಗ್ತಿದ್ರ್,
ಎಂತಾ ಆಯ್ತ್ ಅಂದೇಳಿ ಕೇಂಡೆ."

ಅವನ ಪರದೆಯಲ್ಲೂ ಅದೇ ಬರಹ ಬರುತ್ತಿತ್ತಂತೆ.
ನನ್ನ ಪುಸ್ತಕದಲ್ಲಿ ನನಗೆ ಹನ್ನೊಂದು ಗೆಲುವು,
ಅವನ ಪುಸ್ತಕದಲ್ಲಿ ಅವನಿಗೆ ಹನ್ನೊಂದು.
ಸೋತವರ ಹೆಸರು ಎಲ್ಲೂ ಬರೆದಿರಲಿಲ್ಲ.

ಒಂದು ಗುರುವಾರ ಹಾಗೇ ಕಡಿದುಹೋಯಿತು.
ಹತ್ತು ನಿಮಿಷ ಕಾದೆ, ಇಪ್ಪತ್ತು.
ಡಯಲ್ ಟೋನ್ ಇಲ್ಲ ಎಂದಿತು ಮೋಡೆಮ್ಮು.
ಜಗಳಕ್ಕೆಂದೇ ಅಡುಗೆಮನೆಗೆ ಹೋದರೆ
ಅಮ್ಮ, ಕಿವಿಗೂ ಭುಜಕ್ಕೂ ನಡುವೆ ಫೋನು,
ಕೈಯಲ್ಲಿ ಹರಿವೆ ಸೊಪ್ಪು:
"ಹ್ವಾಯ್, ಬೆಳ್ಳುಳ್ಳಿ? ತೂಮ್? ತೂಮ್ ಕತೀರ್?"

ಆ ಕಡೆ ಹೈಥಮನ ತಾಯಿ, ಈಜಿಪ್ಟಿನ ಮನ್ಸೂರಾದವಳು.
ಇಬ್ಬರೂ ಒಂದೇ ಸಲ ಎತ್ತಿದ್ದರಂತೆ,
ನಮ್ಮ ಯುದ್ಧ ಸತ್ತ ಜಾಗದಲ್ಲಿ
ಎರಡು ಹಲೋ ಉಳಿದಿದ್ದವು.
ಅಮ್ಮನಿಗೆ ಬರುವುದು ತರಕಾರಿ ಮಾರ್ಕೆಟ್ಟಿನ ಅರಬ್ಬಿ:
ಎಷ್ಟು, ಜಾಸ್ತಿ, ನಾಳೆ, ದೇವರ ದಯೆ.
ಆಕೆಗೆ ಬರುವುದು ಸಿನಿಮಾದ ಹಿಂದಿ:
ಮಾ, ಪ್ಯಾರ್, ನಹೀಂ.
ಅಷ್ಟರಲ್ಲೇ ಮುಕ್ಕಾಲು ಗಂಟೆ ಮಾತು.
ಸೊಪ್ಪು ಮುಗಿದು, ಮಕ್ಕಳ ಮಾರ್ಕು ಮುಗಿದು,
ಸೊಂಟನೋವಿಗೆ ಬಂದು ನಿಂತಿದ್ದರು.

ಅಲ್ಲಿಂದಾಚೆ ಒಂಬತ್ತು ಗಂಟೆ ಅವರದ್ದು.
ನಮಗೆ ಸಿಕ್ಕಿದ್ದು ಹತ್ತೂವರೆಯ ನಂತರ,
ಅದೂ ಯಾರಿಗಾದರೂ ಉಪ್ಪಿನಕಾಯಿ ನೆನಪಾಗದಿದ್ದರೆ.

ಜುಲೈಯಲ್ಲಿ ಅವರು ಊರಿಗೆ ಹೋದರು.
ಅಮ್ಮ ಮರೆತು ಅದೇ ನಂಬರು ತಿರುಗಿಸಿದಳು.
ಹೈಥಮ್ ಆರಿಸದೆ ಬಿಟ್ಟುಹೋದ ಯಂತ್ರ
ಕತ್ತಲೆಯ ಫ್ಲಾಟಿನಲ್ಲಿ ತಾನೇ ಎತ್ತಿಕೊಂಡು
ಸಿಳ್ಳೆ ಹಾಕಿತು, ಕಿರುಚಿತು, ಯಾರಿಗೋ ಕಾದಿತು.

ನಾನು ಬಾಗಿಲಲ್ಲಿ ನಿಂತಿದ್ದೆ.
ಅಮ್ಮ ಇಡಲಿಲ್ಲ. ತಲೆ ಒಂಚೂರು ವಾಲಿಸಿ ಕೇಳಿದಳು,
ಅದು ಉಸಿರು ತೆಗೆದುಕೊಂಡ ಕಡೆ ನೋಡಿ, ಮೆಲ್ಲಗೆ:
"ಮನೆಯಲ್ಲ್ ಯಾರೂ ಇಲ್ಯಾ?
ಒಬ್ನೇ ಇದ್ಯಾ, ಮಗಾ?"